ನಿದ್ರೆಯ ಲೆಕ್ಕ, ಎಚ್ಚರದ ಅರ್ಥ: ಇಂಗ್ಲಿಷ್ ನುಡಿಗಟ್ಟುಗಳ ಒಂದು ಓದು

1

ಇಂಗ್ಲಿಷ್ ಭಾಷೆಯಲ್ಲಿ ನಿದ್ರೆ ಮತ್ತು ಎಚ್ಚರಗಳನ್ನು ಕುರಿತ ನುಡಿಗಟ್ಟುಗಳು ಹೇರಳವಾಗಿವೆ. ಕನ್ನಡದ ವಿದ್ಯಾರ್ಥಿಗೆ ಇವು ಸಾಮಾನ್ಯವಾಗಿ ಪರಿಚಯವಾಗುವುದು ವ್ಯಾಕರಣ ಪುಸ್ತಕದ ಕೊನೆಯ ಪುಟಗಳಲ್ಲಿ: ಎಡಬದಿಗೆ ನುಡಿಗಟ್ಟು, ಬಲಬದಿಗೆ ಅದರ ಅರ್ಥ. ‘ಫಾರ್ಟಿ ವಿಂಕ್ಸ್’ ಎಂದರೆ ಹಗಲಿನ ಕಿರುನಿದ್ದೆ. ‘ಅರ್ಲಿ ಬರ್ಡ್’ ಎಂದರೆ ಬೇಗ ಎದ್ದು ಅನುಕೂಲ ಪಡೆಯುವವನು. ‘ಸ್ಲೀಪಿಂಗ್ ಪಾರ್ಟ್‌ನರ್’ ಎಂದರೆ ಬಂಡವಾಳ ಹೂಡಿ, ವ್ಯವಹಾರದಲ್ಲಿ ಕೈಹಾಕದೆ ಲಾಭದಲ್ಲಿ ಪಾಲು ಪಡೆಯುವವನು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಪಟ್ಟಿಯನ್ನು ಹೀಗೆ ಓದಿದಾಗ ಒಂದು ಪ್ರಶ್ನೆ ಹುಟ್ಟುವುದೇ ಇಲ್ಲ. ತಡವಾಗಿ ಏಳುವ ಕೂಲಿಗಾರನನ್ನು ಸೋಮಾರಿಯೆಂದು ಹಳಿಯುವ ಭಾಷೆ, ನಿದ್ರಿಸುತ್ತಲೇ ಲಾಭ ಪಡೆಯುವ ಪಾಲುದಾರನನ್ನು ಯಾವ ಆಕ್ಷೇಪವೂ ಇಲ್ಲದೆ ಹೆಸರಿಸುವುದು ಹೇಗೆ?

ಈ ನುಡಿಗಟ್ಟುಗಳನ್ನು ಇಂಗ್ಲಿಷಿನ ಸಾಹಿತ್ಯದ ಜೊತೆಗೂ ಅಲ್ಲಿನ ದುಡಿಮೆಯ ಚರಿತ್ರೆಯ ಜೊತೆಗೂ ಇಟ್ಟು ನೋಡಿದರೆ ಅವುಗಳಲ್ಲಿ ಎರಡು ಧಾರೆಗಳು ಕಾಣಿಸುತ್ತವೆ. ಒಂದು, ನಿದ್ರೆಯನ್ನು ಎಲ್ಲರಿಗೂ ಸಲ್ಲುವ ಕೊಡುಗೆಯೆಂದು ಭಾವಿಸುವ ಧಾರೆ. ಇನ್ನೊಂದು, ನಿದ್ರೆಯನ್ನು ಲೆಕ್ಕವಿಡಬೇಕಾದ ವೆಚ್ಚವೆಂದು ಎಣಿಸುವ ಧಾರೆ. ಎರಡನೆಯದು ಮೊದಲನೆಯದನ್ನು ಹಿಂದಕ್ಕೆ ಸರಿಸಿದ ಬಗೆ, ಅದರೊಡನೆ ‘ಎಚ್ಚರ’ ಎಂಬುದರ ಅರ್ಥವೂ ಬದಲಾದ ಬಗೆ, ಮತ್ತು ಈ ಚರಿತ್ರೆಯಿಂದ ಕನ್ನಡದ ಅನುವಾದಕನಿಗೆ ಒದಗುವ ತಿಳಿವಳಿಕೆ – ಇವು ಇಲ್ಲಿ ಪರಿಶೀಲನೆಗೆ ಒಳಗಾಗುವ ವಿಷಯಗಳು.

2

ನುಡಿಗಟ್ಟುಗಳ ಮೂಲವನ್ನು ಶೋಧಿಸುವಾಗ ಮೊದಲು ಎದುರಾಗುವುದು ಕಟ್ಟುಕಥೆಗಳ ತೊಡಕು. ಮಲಗುವ ಮಕ್ಕಳಿಗೆ ಹೇಳುವ ‘ಸ್ಲೀಪ್ ಟೈಟ್’ ಎಂಬ ಹಾರೈಕೆಗೆ ಪ್ರಚಲಿತವಾದ ವಿವರಣೆಯೊಂದಿದೆ. ಹಿಂದೆ ಮಂಚಗಳಿಗೆ ಹಗ್ಗ ಹೆಣೆಯುತ್ತಿದ್ದರು. ಹಗ್ಗ ಬಿಗಿಯಾಗಿದ್ದರೆ ಒಳ್ಳೆಯ ನಿದ್ದೆ. ಆದುದರಿಂದ ಈ ಮಾತು ಬಂತು ಎಂಬುದು ಅದರ ಸಾರ. ಹಗ್ಗದ ಮಂಚಗಳಿದ್ದುದು ನಿಜ, ಆದರೆ ಈ ಸಂಬಂಧಕ್ಕೆ ಆಧಾರವಿಲ್ಲ. ನುಡಿಗಟ್ಟು ಬರಹದಲ್ಲಿ ಕಾಣಿಸಿಕೊಳ್ಳುವುದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ‘ಟೈಟ್’ ಎಂಬುದಕ್ಕೆ ‘ಗಾಢವಾಗಿ’ ಎಂಬ ಅರ್ಥ ಆಗ ಬಳಕೆಯಲ್ಲಿತ್ತು.

ಹೆಣ ಕಾಯುವ ‘ವೇಕ್’ ಎಂಬ ಆಚರಣೆಯ ಕುರಿತ ಕಥೆ ಇನ್ನೂ ವಿಚಿತ್ರ. ಸೀಸ ಬೆರೆತ ಲೋಟಗಳಲ್ಲಿ ಕುಡಿದು ಎಚ್ಚರ ತಪ್ಪಿದವರು ಸತ್ತರೆಂದು ಭಾವಿಸಿ, ಅವರು ಎದ್ದಾರೆಯೇ ಎಂದು ಮನೆಯವರು ಕಾಯುತ್ತಿದ್ದರಂತೆ. 1999ರ ಸುಮಾರಿಗೆ ಇ-ಮೇಲ್ ಮೂಲಕ ಹರಡಿದ ಈ ಕಥೆ ಸಂಪೂರ್ಣ ಕಲ್ಪಿತ. ಸತ್ತವನು ಏಳುವುದಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಬದುಕಿರುವವರು ಎಚ್ಚರವಾಗಿದ್ದು ಕಾವಲಿರುವುದೇ ‘ವೇಕ್’.

ನಿಜವಾದ ನಿರುಕ್ತ ಈ ಕಥೆಗಳಿಗಿಂತ ಹೆಚ್ಚು ಸ್ವಾರಸ್ಯಕರವಾಗಿದೆ. ಎಚ್ಚರವಾಗಿರುವುದನ್ನು ಹೇಳುವ ‘ವೇಕ್’ ಮತ್ತು ಕಾವಲನ್ನು ಹೇಳುವ ‘ವಾಚ್’ ಹಳೆಯ ಇಂಗ್ಲಿಷಿನಲ್ಲಿ ಒಂದೇ ಧಾತುವಿನ ಕವಲುಗಳು. ರಾತ್ರಿ ಎಚ್ಚರವಾಗಿರುವವನೇ ಕಾವಲುಗಾರ. ಗಡಿಯಾರಕ್ಕೆ ‘ವಾಚ್’ ಎಂಬ ಹೆಸರು ಬಂದದ್ದೂ ಈ ದಾರಿಯಿಂದಲೇ: 15ನೆಯ ಶತಮಾನದಲ್ಲಿ ಅದು ಮಲಗಿದವರನ್ನು ಎಬ್ಬಿಸುವ ಸಾಧನದ ಹೆಸರಾಗಿತ್ತು, ಮುಂದಿನ ಶತಮಾನದ ಕೊನೆಯ ಹೊತ್ತಿಗೆ ಜೊತೆಯಲ್ಲಿ ಒಯ್ಯುವ ಕಿರುಗಡಿಯಾರಕ್ಕೆ ಅನ್ವಯವಾಯಿತು. ಮನುಷ್ಯನ ಎಚ್ಚರಕ್ಕೆ ಇದ್ದ ಹೆಸರು ಹೀಗೆ ಯಂತ್ರಕ್ಕೆ ವರ್ಗವಾಯಿತು. ಮುಂದೆ ವಿವರಿಸಲಾಗುವ ಬದಲಾವಣೆಯೆಲ್ಲ ಈ ಒಂದು ಪದದ ಪ್ರಯಾಣದಲ್ಲಿ ಅಡಕವಾಗಿದೆ.

‘ವಿಂಕ್’ ಎಂಬುದೂ ಅಂತಹದೇ. ಇಂದು ಅದು ಒಂದು ಕಣ್ಣು ಮಿಟುಕಿಸುವ ಸನ್ನೆ. ಮೂಲತಃ ಕಣ್ಣು ಮುಚ್ಚುವುದು ಎಂದೇ ಅದರ ಅರ್ಥ. ಆದುದರಿಂದ ‘ಒಂದು ವಿಂಕ್ ಕೂಡ ಇಲ್ಲ’ ಎಂಬ ಮಧ್ಯಯುಗದಷ್ಟು ಹಳೆಯ ಇಂಗ್ಲಿಷ್ ನುಡಿಗಟ್ಟಿಗೂ ಕನ್ನಡದ ‘ಎವೆ ಮುಚ್ಚಲಿಲ್ಲ’ ಎಂಬ ಮಾತಿಗೂ ಕಲ್ಪನೆಯಲ್ಲಿ ಭೇದವಿಲ್ಲ. ಭೇದ ಕಾಣಿಸುವುದು 19ನೆಯ ಶತಮಾನದ ಆರಂಭದಲ್ಲಿ ರೂಢಿಗೆ ಬಂದ ‘ಫಾರ್ಟಿ ವಿಂಕ್ಸ್’ನಲ್ಲಿ. ಇಲ್ಲಿ ಮುಚ್ಚಿದ ಎವೆಗೆ ಸಂಖ್ಯೆ ಬಿದ್ದಿದೆ.

3

ಕೈಗಾರಿಕಾ ಯುಗಕ್ಕೆ ಮುಂಚಿನ ಇಂಗ್ಲಿಷ್ ಸಾಹಿತ್ಯದಲ್ಲಿ ನಿದ್ರೆಗೆ ಬೇರೆಯೇ ಸ್ಥಾನವಿತ್ತು. ಅಮೆರಿಕದ ಇತಿಹಾಸಕಾರ ರೋಜರ್ ಏಕರ್ಚ್ 2001ರ ಪ್ರಬಂಧವೊಂದರಲ್ಲಿಯೂ ರಾತ್ರಿಯ ಚರಿತ್ರೆಯನ್ನು ಕುರಿತ 2005ರ ಗ್ರಂಥದಲ್ಲಿಯೂ ತೋರಿಸಿರುವಂತೆ, ಹಳೆಯ ಬರಹಗಳಲ್ಲಿ ‘ಫಸ್ಟ್ ಸ್ಲೀಪ್’ ಎಂಬ ಮಾತು ಮತ್ತೆಮತ್ತೆ ಬರುತ್ತದೆ. ಜನ ಮೊದಲ ನಿದ್ದೆ ಮುಗಿಸಿ, ನಡುರಾತ್ರಿಯಲ್ಲಿ ಸ್ವಲ್ಪ ಕಾಲ ಎದ್ದಿದ್ದು, ಮತ್ತೆ ಎರಡನೆಯ ನಿದ್ದೆಗೆ ಜಾರುತ್ತಿದ್ದರೆಂಬುದು ಅವರ ವಾದ. ಈ ರೂಢಿ ಎಲ್ಲೆಡೆ ಇತ್ತೆಂಬುದನ್ನು ಅನಂತರದ ವಿದ್ವಾಂಸರು ಕೆಲವರು ಒಪ್ಪಿಲ್ಲ. ಆದರೆ ಭಾಷೆಯ ಸಾಕ್ಷ್ಯ ಸ್ಪಷ್ಟವಾಗಿದೆ: ಚಾಸರ್ ‘ಸ್ಕ್ವಾಯರನ ಕಥೆ’ಯಲ್ಲಿ ರಾಜಕುಮಾರಿಯ ಮೊದಲ ನಿದ್ದೆಯನ್ನು ಹೆಸರಿಸುವಾಗ ಅದಕ್ಕೆ ವಿವರಣೆ ಕೊಡುವ ಅಗತ್ಯವನ್ನು ಕಾಣಲಿಲ್ಲ, ಇಂದಿನ ಓದುಗನಿಗೆ ಅಡಿಟಿಪ್ಪಣಿ ಬೇಕು.

ನಿದ್ರೆ ದಣಿದ ದೇಹಕ್ಕೆ ಮದ್ದು, ನೊಂದ ಮನಸ್ಸಿಗೆ ಲೇಪ ಎಂಬ ಭಾವನೆ ಷೇಕ್ಸ್‌ಪಿಯರನ ನಾಟಕಗಳಲ್ಲಿ ಶಿಖರ ಮುಟ್ಟುತ್ತದೆ. ಅಲ್ಲಿ ಇನ್ನೊಂದು ನಂಬಿಕೆಯೂ ಇದೆ: ಬಡವನಿಗೆ ಒಳ್ಳೆಯ ನಿದ್ದೆ, ಸಿರಿವಂತನಿಗೆ ನಿದ್ರಾಹೀನತೆ. ಬೈಬಲ್ಲಿನ ಪ್ರಸಂಗಿಯ ಗ್ರಂಥದಷ್ಟು ಹಳೆಯದಾದ ಈ ನಂಬಿಕೆಯನ್ನು ‘ನಾಲ್ಕನೆಯ ಹೆನ್ರಿ’ಯ ಎರಡನೆಯ ಭಾಗ ಮತ್ತು ‘ಐದನೆಯ ಹೆನ್ರಿ’ ನಾಟಕಗಳು ಪುನರುಚ್ಚರಿಸುತ್ತವೆ. ಮೊದಲನೆಯದರಲ್ಲಿ ದೊರೆ ಬಿರುಗಾಳಿಗೆ ಸಿಕ್ಕ ಹಡಗಿನ ಮೇಲೂ ನಿದ್ರಿಸಬಲ್ಲ ಹುಡುಗನನ್ನು ಕಂಡು ಅಸೂಯೆಪಡುತ್ತಾನೆ. ಎರಡನೆಯದರಲ್ಲಿ ಯುದ್ಧದ ಹಿಂದಿನ ರಾತ್ರಿ ಅವನ ಮಗ, ಹೊಟ್ಟೆ ತುಂಬಿದ ಆಳಿನ ನಿಶ್ಚಿಂತ ನಿದ್ದೆಯನ್ನು ನೆನೆದು ಕೊರಗುತ್ತಾನೆ. ವಿಮರ್ಶಕರು ಈ ಮಾತುಗಳ ಕಾವ್ಯಗುಣವನ್ನು ಯಥೇಚ್ಛವಾಗಿ ಕೊಂಡಾಡಿದ್ದಾರೆ. ಗಮನಿಸಬೇಕಾದ ಸಂಗತಿ ಬೇರೆಯೊಂದಿದೆ: ಬಡವನ ಸುಖನಿದ್ರೆಗೆ ಎರಡು ಕಡೆಯೂ ಸಾಕ್ಷಿ ಹೇಳುವವನು ರಾಜನೇ. ಹಡಗಿನ ಹುಡುಗನನ್ನಾಗಲಿ ಆಳನ್ನಾಗಲಿ ಯಾರೂ ಕೇಳಿಲ್ಲ.

ಆದರೆ ಷೇಕ್ಸ್‌ಪಿಯರನನ್ನು ಅವನ ರಾಜರ ಮಾತಿನಿಂದಷ್ಟೇ ಅಳೆಯುವುದು ನ್ಯಾಯವಲ್ಲ. ‘ಮ್ಯಾಕ್‌ಬೆತ್’ ನಾಟಕ ನಿದ್ರೆಯ ಕೊಲೆಯನ್ನು ಕುರಿತದ್ದೆಂದು ಎಲ್ಲರೂ ಒಪ್ಪುತ್ತಾರೆ. ಚರ್ಚೆ ಮಾತ್ರ ಮ್ಯಾಕ್‌ಬೆತ್ ದಂಪತಿಗಳ ನಿದ್ದೆಯ ಸುತ್ತಲೇ ಸುಳಿಯುತ್ತದೆ. ಅದೇ ರಾತ್ರಿ ಇನ್ನೂ ಇಬ್ಬರು ನಿದ್ರಿಸುತ್ತಿದ್ದಾರೆ: ದೊರೆಯ ಕೋಣೆಯ ಸೇವಕರು. ಅವರ ಪಾನೀಯದಲ್ಲಿ ಮದ್ದು ಬೆರೆಸಲಾಗಿದೆ, ಮಲಗಿದವರ ಮೈಗೆ ರಕ್ತ ಬಳಿಯಲಾಗಿದೆ, ಬೆಳಗಾದೊಡನೆ ಬಾಯಿ ತೆರೆಯುವ ಮುನ್ನವೇ ಅವರನ್ನು ಕೊಂದುಹಾಕಲಾಗುತ್ತದೆ. ಕಾವಲಿನ ಹೊತ್ತಿನಲ್ಲಿ ನಿದ್ರಿಸಿದರೆಂಬುದೇ ಅವರ ಮೇಲಿನ ಆರೋಪವನ್ನು ನಂಬುವಂತೆ ಮಾಡುತ್ತದೆ. ಬಾಗಿಲು ಬಡಿಯುವ ಸದ್ದಿಗೆ ಗೊಣಗುತ್ತ ಬರುವ ದ್ವಾರಪಾಲಕ ಇನ್ನೊಬ್ಬ ಸೇವಕ. ಆ ಬಡಿತದ ನಾಟಕೀಯ ಪರಿಣಾಮವನ್ನು ಕುರಿತು ಡಿ ಕ್ವಿನ್ಸಿ 1823ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಬಡಿತಕ್ಕೆ ಏಳಲೇಬೇಕಾದವನು ಯಾರು ಎಂಬುದು ಆ ಪ್ರಬಂಧದ ಕಾಳಜಿಯಲ್ಲ. ಉಳ್ಳವರ ನಿದ್ದೆ ಕೆಟ್ಟರೆ ದುರಂತ, ಆಳುಗಳ ನಿದ್ದೆ ಹತ್ತಿದರೆ ಅಪರಾಧ ಎಂಬ ಭೇದವನ್ನು ನಾಟಕ ಕಂಡಿದೆ. ಕೊಡುಗೆಯೆಂಬ ಕಲ್ಪನೆಯ ಒಳಗೇ ಈ ಬಿರುಕು ಇತ್ತು.

4

18ನೆಯ ಶತಮಾನದಲ್ಲಿ ಈ ಬಿರುಕು ಅಗಲವಾಯಿತು. ಮೆಥಡಿಸ್ಟ್ ಪಂಥದ ಪ್ರವರ್ತಕ ಜಾನ್ ವೆಸ್ಲಿ 1780ರ ದಶಕದ ಬೋಧನೆಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ನಿದ್ರಿಸುವುದನ್ನು ದೇವರು ಕೊಟ್ಟ ಕಾಲದ ಅಪವ್ಯಯವೆಂದು ಖಂಡಿಸಿದರು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು ಅವರ ವ್ರತವಾಗಿತ್ತು. ಅದೇ ಶತಮಾನದ ಆರಂಭದಲ್ಲಿ ಐಸಾಕ್ ವಾಟ್ಸ್ ಮಕ್ಕಳಿಗಾಗಿ ಬರೆದ ‘ಸೋಮಾರಿ’ ಎಂಬ ಪದ್ಯ ಹಾಸಿಗೆ ಬಿಡದವನ ತೋಟ ಮುಳ್ಳುಕಂಟಿಗಳಿಂದ ತುಂಬುವುದನ್ನು ತೋರಿಸಿ, ತಲೆಮಾರುಗಳವರೆಗೆ ಕಂಠಪಾಠವಾಗಿ ಉಳಿಯಿತು. ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲಿ ತರುಣ ವ್ಯಾಪಾರಿಗೆ ಬರೆದ ಹಿತವಚನದಲ್ಲಿ ಕಾಲವನ್ನು ಹಣದೊಡನೆ ನೇರವಾಗಿ ಸಮೀಕರಿಸಿದ. ಧರ್ಮ, ಶಿಶುಸಾಹಿತ್ಯ ಮತ್ತು ವ್ಯಾಪಾರ ಮೂರೂ ಒಂದೇ ಪಾಠವನ್ನು ಹೇಳತೊಡಗಿದವು.

ಇ.ಪಿ. ಥಾಂಪ್ಸನ್ 1967ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದಂತೆ, ಕೆಲಸ ಮುಗಿಯುವವರೆಗೆ ದುಡಿಯುತ್ತಿದ್ದ ಜನರನ್ನು ಗಂಟೆ ಬಾರಿಸುವವರೆಗೆ ದುಡಿಯುವ ಜನರನ್ನಾಗಿ ಮಾರ್ಪಡಿಸಲು ಕೈಗಾರಿಕಾ ಬಂಡವಾಳಕ್ಕೆ ಇಂತಹ ಪಾಠಗಳು ಬೇಕಾಗಿದ್ದವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೇಗ ಏಳುವ ಹಕ್ಕಿಗೆ ಹುಳು ಸಿಗುತ್ತದೆಂಬ ಗಾದೆ ಜಾನ್ ರೇ 1670ರಲ್ಲಿ ಪ್ರಕಟಿಸಿದ ಗಾದೆಗಳ ಸಂಗ್ರಹದಲ್ಲಿಯೇ ಇದೆ, ಆಗ ಗಿರಣಿಗಳಿರಲಿಲ್ಲ. ಆದುದರಿಂದ ಈ ನುಡಿಗಟ್ಟುಗಳನ್ನೆಲ್ಲ ಗಿರಣಿಯ ಸೃಷ್ಟಿಯೆನ್ನುವುದು ತಪ್ಪಾಗುತ್ತದೆ. ತನ್ನ ಹೊಲಕ್ಕೆ ತಾನೇ ಏಳುತ್ತಿದ್ದ ರೈತನ ಅನುಭವದ ಮಾತನ್ನು, ಇನ್ನೊಬ್ಬರ ಗಿರಣಿಗೆ ಏಳಬೇಕಾದ ಕೂಲಿಯ ಮೇಲೆ ಹೊರಿಸಲಾಯಿತು ಎನ್ನುವುದು ಸರಿ. ಗಾದೆ ಅದೇ, ಹುಳು ಮಾತ್ರ ಬೇರೆಯವರ ಪಾಲಾಯಿತು.

ಈ ಹೊರೆಯ ತೂಕವನ್ನು ಅರಿಯಲು 1832ರಲ್ಲಿ ಬ್ರಿಟಿಷ್ ಸಂಸತ್ತಿನ ಸ್ಯಾಡ್ಲರ್ ಸಮಿತಿಯ ಮುಂದೆ ಬಂದ ಹೇಳಿಕೆಗಳನ್ನು ನೋಡಬಹುದು. ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳು ಸಂಜೆಯ ಹೊತ್ತಿಗೆ ನಿಂತಲ್ಲೇ ತೂಕಡಿಸುತ್ತಿದ್ದುದು, ಅವರನ್ನು ಎಚ್ಚರವಾಗಿಡಲು ಚರ್ಮದ ಪಟ್ಟಿಯಿಂದ ಹೊಡೆಯುತ್ತಿದ್ದುದು ಅಲ್ಲಿ ದಾಖಲಾಗಿದೆ. ಮರುವರ್ಷದ ಕಾಯಿದೆ ಜವಳಿ ಗಿರಣಿಗಳಲ್ಲಿ 18 ವರ್ಷದೊಳಗಿನವರ ರಾತ್ರಿಯ ದುಡಿಮೆಯನ್ನು ನಿಷೇಧಿಸಿತು. ಬಡವನ ನಿದ್ದೆ ನಿಶ್ಚಿಂತವೆಂಬ ರಾಜರ ಮಾತಿಗೆ, ತಡವಾಗಿಯಾದರೂ, ಬಡವರ ಮಕ್ಕಳು ಉತ್ತರ ಕೊಟ್ಟಂತಾಯಿತು.

ಗಿರಣಿ ಊರುಗಳಲ್ಲಿ ಹುಟ್ಟಿದ ಒಂದು ಕಸುಬು ಭಾಷೆಯಲ್ಲೂ ತನ್ನ ಗುರುತನ್ನು ಉಳಿಸಿದೆ. ‘ನಾಕರ್ ಅಪ್’ ಎಂದರೆ ಕಿರುಗಾಸಿಗೆ ಕಾರ್ಮಿಕರ ಮನೆಗಳ ಕಿಟಕಿಗಳನ್ನು ಉದ್ದನೆಯ ಕೋಲಿನಿಂದ ತಟ್ಟಿ ಎಬ್ಬಿಸುವವರು. ಎಬ್ಬಿಸುವ ಗಡಿಯಾರ ಕೊಳ್ಳಲಾಗದವರು ಎಚ್ಚರವನ್ನು ದುಡ್ಡು ಕೊಟ್ಟು ಪಡೆಯಬೇಕಾಯಿತು. ಬ್ರಿಟನ್ನಿನ ಇಂಗ್ಲಿಷಿನಲ್ಲಿ ‘ನಾಕ್ ಅಪ್’ ಎಂಬ ಕ್ರಿಯಾಪದಕ್ಕೆ ಎಬ್ಬಿಸುವ ಅರ್ಥವಿರುವುದು ಈ ಬಡಿತದಿಂದಲೇ ಗಟ್ಟಿಯಾಯಿತು. 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ನಿಲ್ದಾಣಗಳಿಗೆಲ್ಲ ಲಂಡನ್ನಿನ ಸಮಯವನ್ನು ಅಳವಡಿಸಿತು. 1880ರಲ್ಲಿ ಕಾನೂನೇ ದೇಶಕ್ಕೆಲ್ಲ ಒಂದು ಸಮಯವನ್ನು ವಿಧಿಸಿತು. ನಿದ್ದೆ ಕಳೆದುಕೊಳ್ಳುವುದು, ಕದಿಯುವುದು, ಬಾಕಿ ನಿದ್ದೆಯನ್ನು ತೀರಿಸಿಕೊಳ್ಳುವುದು, ಕೊನೆಗೆ 20ನೆಯ ಶತಮಾನದ ನಿದ್ರಾವಿಜ್ಞಾನ ಬಳಕೆಗೆ ತಂದ ‘ನಿದ್ರೆಯ ಸಾಲ’ – ಇವೆಲ್ಲ ಜಮಾಖರ್ಚಿನ ಮಾತುಗಳು. ಲೇಕಾಫ್ ಮತ್ತು ಜಾನ್ಸನ್ 1980ರಲ್ಲಿ ರೂಪಕಗಳ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಕಾಲವನ್ನು ಹಣವೆಂದು ಕಾಣುವ ರೂಪಕ ಇಂಗ್ಲಿಷ್ ಭಾಷಿಕರ ದೈನಂದಿನ ಆಲೋಚನೆಯನ್ನೇ ರೂಪಿಸಿದೆಯೆಂದು ವಾದಿಸಿದರು. ನಿದ್ರೆಯ ನುಡಿಗಟ್ಟುಗಳು ಆ ವಾದಕ್ಕೆ ಪೂರಕವಾಗಿವೆ. ಆದರೆ ಯಾರ ಹಣ, ಯಾರ ಕಾಲ ಎಂಬ ಪ್ರಶ್ನೆಯನ್ನು ಅವರು ಬಿಟ್ಟಷ್ಟು ಹಗುರವಾಗಿ ಬಿಡಲಾಗದು. ‘ಸ್ಲೀಪಿಂಗ್ ಪಾರ್ಟ್‌ನರ್’ನ ಬಂಡವಾಳ ಅವನು ಮಲಗಿದ್ದಾಗಲೂ ದುಡಿಯುತ್ತದೆ, ಆದುದರಿಂದ ಅವನ ನಿದ್ದೆಗೆ ವೆಚ್ಚವಿಲ್ಲ, ನಿಂದೆಯೂ ಇಲ್ಲ. ಕೂಲಿಗೆ ತನ್ನ ದೇಹವೇ ಬಂಡವಾಳ. ಅದು ಮಲಗಿದರೆ ಗಳಿಕೆ ನಿಂತಿತು.

ಈ ಲೆಕ್ಕಾಚಾರವನ್ನು ಗೇಲಿ ಮಾಡಿದ ಕೃತಿ ಲೂಯಿ ಕೆರೊಲನ 1865ರ ‘ಆಲಿಸ್’. ವಾಟ್ಸ್‌ನ ಪದ್ಯವನ್ನು ಒಪ್ಪಿಸಲು ಹೊರಟ ಆಲಿಸಳ ಬಾಯಿಂದ ಸೋಮಾರಿಯ ಬದಲು ಸಮುದ್ರದ ನಳ್ಳಿಯೊಂದರ ಹಾಡು ಹೊರಡುತ್ತದೆ. ಚಹಾಕೂಟದ ಅಧ್ಯಾಯದಲ್ಲಿ ಟೋಪಿಯವನ ಗಡಿಯಾರ ತಾರೀಖು ತೋರಿಸುತ್ತದೆ, ಗಂಟೆಯನ್ನಲ್ಲ. ಕಾಲದೊಡನೆ ಜಗಳವಾಡಿದ್ದರಿಂದ ಅಲ್ಲಿ ಸದಾ ಸಂಜೆ ಆರು. ಆ ಮೇಜಿನಲ್ಲಿ ನಿದ್ರಿಸುತ್ತಿರುವ ಡಾರ್‌ಮೌಸ್ ಎಂಬ ಪುಟ್ಟ ಪ್ರಾಣಿಯ ಮೇಲೆ ಉಳಿದಿಬ್ಬರು ಮೊಣಕೈ ಊರುತ್ತಾರೆ, ಎಬ್ಬಿಸಲು ಅದರ ಮೂಗಿಗೆ ಬಿಸಿ ಚಹಾ ಸುರಿಯುತ್ತಾರೆ. ಈ ದೃಶ್ಯ ಮಕ್ಕಳಿಗೆ ನಗೆಯಾಗಿ ಸಲ್ಲುತ್ತದೆ. ಸ್ಯಾಡ್ಲರ್ ಸಮಿತಿಯ ಪುಟಗಳನ್ನು ಓದಿ ಬಂದವರಿಗೆ ಆ ನಗೆ ಅಷ್ಟು ಸಲೀಸಾಗಿ ಬರುವುದಿಲ್ಲ.

5

ನಿದ್ರೆ ವೆಚ್ಚವಾದಂತೆ ಎಚ್ಚರ ಹಿರಿಮೆಯಾಯಿತು. 1730 ಮತ್ತು 1740ರ ದಶಕಗಳಲ್ಲಿ ಅಮೆರಿಕದ ವಸಾಹತುಗಳಲ್ಲಿ ಹಬ್ಬಿದ ಧಾರ್ಮಿಕ ಚಳವಳಿಗೆ ‘ಮಹಾ ಜಾಗೃತಿ’ ಎಂಬ ಹೆಸರು ನಿಂತಿತು. ಎಚ್ಚೆತ್ತವರು ಮತ್ತು ಇನ್ನೂ ಮಲಗಿರುವವರು ಎಂಬ ವಿಂಗಡಣೆ ಮುಂದೆ ರಾಜಕೀಯಕ್ಕೂ ಸುಲಭವಾಗಿ ಒದಗಿಬಂತು. ವಾಷಿಂಗ್ಟನ್ ಇರ್ವಿಂಗನ 1819ರ ಕಥೆಯ ರಿಪ್ ವ್ಯಾನ್ ವಿಂಕಲ್ ಇಪ್ಪತ್ತು ವರ್ಷ ಮಲಗಿ, ಅಮೆರಿಕದ ಕ್ರಾಂತಿಯನ್ನೇ ತಪ್ಪಿಸಿಕೊಂಡು, ಎದ್ದು ಬಂದಾಗ ಊರ ಛತ್ರದ ಫಲಕದಲ್ಲಿ ಮೂರನೆಯ ಜಾರ್ಜನ ಚಿತ್ರ ವಾಷಿಂಗ್ಟನ್ನನ ಚಿತ್ರವಾಗಿ ಬದಲಾಗಿದೆ. ಅವನ ಹೆಸರು ಕಾಲದ ಹಿಂದೆ ಉಳಿದವನಿಗೆ ನುಡಿಗಟ್ಟಾಯಿತು. ಇರ್ವಿಂಗ್ ಮಾತ್ರ ಅವನನ್ನು ಪ್ರೀತಿಯಿಂದ ಚಿತ್ರಿಸಿದ್ದಾನೆ. ಲಾಭದ ಕೆಲಸವೆಂದರೆ ಆಗದ, ನೆರೆಯವರಿಗೆ ನೆರವಾಗುವ, ಮಕ್ಕಳಿಗೆ ಬೇಕಾದ ಮನುಷ್ಯ ಅವನು. ನುಡಿಗಟ್ಟು ಕಥೆಯ ಈ ಮಮತೆಯನ್ನು ಕೈಬಿಟ್ಟು ತಿರಸ್ಕಾರವನ್ನಷ್ಟೇ ಉಳಿಸಿಕೊಂಡಿತು.

ಎಚ್ಚರದ ಹಳೆಯ ಅರ್ಥ, ಅಂದರೆ ಕಾವಲಿನ ಅರ್ಥ, ಮರಳಿ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. 1931ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಒಂಬತ್ತು ಮಂದಿ ಕಪ್ಪು ಜನಾಂಗದ ಹುಡುಗರನ್ನು ಸುಳ್ಳು ಆರೋಪದ ಮೇಲೆ ಬಂಧಿಸಲಾಯಿತು. ಈ ಸ್ಕಾಟ್ಸ್‌ಬರೊ ಪ್ರಕರಣವನ್ನು ಕುರಿತು ಹಾಡು ಕಟ್ಟಿದ ಲೆಡ್ ಬೆಲಿ, 1938ರ ಧ್ವನಿಮುದ್ರಣದ ಕೊನೆಯಲ್ಲಿ ಆ ಕಡೆ ಹೋಗುವ ತನ್ನ ಜನರಿಗೆ ಎಚ್ಚರವಾಗಿರಲು ಹೇಳುತ್ತಾನೆ. ಆಫ್ರಿಕನ್ ಅಮೆರಿಕನ್ನರ ಆಡುಮಾತಿನ ‘ವೋಕ್’ ಎಂಬ ರೂಪ ಅಲ್ಲಿ ಬಳಕೆಯಾಗಿದೆ. ಆ ಎಚ್ಚರ ಯಾವ ಹಿರಿಮೆಯೂ ಅಲ್ಲ. ನಿದ್ದೆ ಹತ್ತಿದರೆ ಪ್ರಾಣಕ್ಕೇ ಕುತ್ತೆಂದು ಬಲ್ಲವರ ಆತ್ಮರಕ್ಷಣೆ. 1962ರಲ್ಲಿ ಲೇಖಕ ವಿಲಿಯಂ ಮೆಲ್ವಿನ್ ಕೆಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ ಪ್ರಬಂಧ, ಕಪ್ಪು ಜನರ ಪದಗಳನ್ನು ಬಿಳಿಯರು ಎತ್ತಿಕೊಳ್ಳುವುದನ್ನೂ ಎತ್ತಿಕೊಂಡ ಮೇಲೆ ಅವುಗಳ ಅರ್ಥ ಕದಲುವುದನ್ನೂ ಚರ್ಚಿಸಿತು, ಅದರ ಶೀರ್ಷಿಕೆಯಲ್ಲಿಯೇ ಈ ಪದವಿತ್ತು.

ಕೆಲಿ ಗುರುತಿಸಿದ ಪ್ರಕ್ರಿಯೆಗೆ ಅದೇ ಪದ ಮುಂದೆ ಗುರಿಯಾಯಿತು. 2014ರ ಫರ್ಗುಸನ್ ಪ್ರತಿಭಟನೆಗಳ ಕಾಲದಲ್ಲಿ ಜಗತ್ತಿಗೆಲ್ಲ ಪರಿಚಯವಾಗಿ, 2017ರಲ್ಲಿ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಈ ಹೊಸ ಅರ್ಥದೊಡನೆ ಸ್ಥಾನ ಪಡೆದ ಪದ, ಕೆಲವೇ ವರ್ಷಗಳಲ್ಲಿ ರಾಜಕೀಯ ಮೂದಲಿಕೆಯಾಯಿತು. 2022ರಲ್ಲಿ ಫ್ಲಾರಿಡಾ ರಾಜ್ಯ ಈ ಪದವನ್ನೇ ಹೆಸರಿನಲ್ಲಿಟ್ಟು ತಡೆಯ ಕಾಯಿದೆಯೊಂದನ್ನು ತಂದಿತು. ನಿದ್ರಿಸಿದ ದುಡಿಮೆಗಾರನನ್ನು ಸೋಮಾರಿಯೆಂದು ನಿಂದಿಸಿದ ಭಾಷೆಯೇ, ಎಚ್ಚೆತ್ತ ದಮನಿತನನ್ನು ಅತಿಯಾದವನೆಂದು ಅಣಕಿಸಿತು. ಎರಡೂ ಸಂದರ್ಭಗಳಲ್ಲಿ ಯಾರು ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಬೇರೆಯವರ ಕೈಯಲ್ಲಿತ್ತು.

6

ಈ ಚರಿತ್ರೆ ಕನ್ನಡಕ್ಕೆ ಸಂಬಂಧಿಸುವುದು ಅನುವಾದದ ಮೂಲಕ. ಕನ್ನಡಿಗನಿಗೆ ನಿದ್ದೆ ಬರುತ್ತದೆ, ಹತ್ತುತ್ತದೆ, ಹಾರಿಹೋಗುತ್ತದೆ. ‘ಅವನಿಗೆ ನಿದ್ದೆ ಬಂತು’ ಎಂಬ ವಾಕ್ಯದಲ್ಲಿ ನಿದ್ದೆಯೇ ಕರ್ತೃ. ಮನುಷ್ಯ ಚತುರ್ಥಿಯಲ್ಲಿ ಕಾಯುತ್ತ ಕುಳಿತಿದ್ದಾನೆ. ‘ನಿದ್ದೆ ಮಾಡು’ ಎಂಬ ಬಳಕೆಯೂ ಇರುವುದರಿಂದ ಇದನ್ನು ಕನ್ನಡದ ವಿಶಿಷ್ಟ ದರ್ಶನವೆಂದು ಉಬ್ಬಿಸಬೇಕಾಗಿಲ್ಲ. ಆದರೆ ಇಂಗ್ಲಿಷಿನ ಜಮಾಖರ್ಚಿನ ನುಡಿಗಟ್ಟುಗಳನ್ನು ಪದಶಃ ತಂದಾಗ ಅವು ಕನ್ನಡದಲ್ಲಿ ತೊಡರುವುದು ಏಕೆಂದು ಇದರಿಂದ ತಿಳಿಯುತ್ತದೆ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಿದ್ದೆಯನ್ನು ಬಡತನಕ್ಕೂ ಕಟ್ಟುವುದಿಲ್ಲ, ಸಿರಿತನಕ್ಕೂ ಕಟ್ಟುವುದಿಲ್ಲ. ಷೇಕ್ಸ್‌ಪಿಯರನ ದೊರೆಗಳ ಅಳಲಿಗೆ ಈ ಗಾದೆಯನ್ನು ಹೊಂದಿಸಿದರೆ ಮಾತು ಸೊಗಸಾದೀತು. ಆದರೆ ಆ ಅಳಲಿನೊಳಗಿನ ವರ್ಗಭೇದ ಮರೆಯಾದೀತು.

ರಿಪ್ ವ್ಯಾನ್ ವಿಂಕಲ್‌ನ ಸ್ಥಾನದಲ್ಲಿ ಕುಂಭಕರ್ಣನನ್ನು ಇಡುವುದು ರೂಢಿಯ ಪರಿಹಾರ. ಭಾಗವತದ ಮುಚುಕುಂದನನ್ನು ನೆನೆದರೆ ಹೋಲಿಕೆ ಇನ್ನೂ ಸೂಕ್ಷ್ಮವಾಗುತ್ತದೆ. ದೇವತೆಗಳ ಪರವಾಗಿ ಬಹುಕಾಲ ಯುದ್ಧ ಮಾಡಿ ದಣಿದ ಆತ ಪಡೆದದ್ದು ನಿದ್ದೆಯ ವರವನ್ನು. ಅದನ್ನು ಕೆಡಿಸಿದ ಕಾಲಯವನ ಅವನ ದೃಷ್ಟಿಗೆ ಭಸ್ಮವಾದ. ಇಲ್ಲಿ ದೀರ್ಘನಿದ್ರೆ ಸೋಮಾರಿತನದ ಗುರುತಲ್ಲ, ದುಡಿಮೆಗೆ ಸಂದ ಪ್ರತಿಫಲ. ದುಡಿದವನ ನಿದ್ದೆ ಕೆಡಿಸುವುದು ಅಪರಾಧವೆಂಬ ಕಲ್ಪನೆ ಇಂಗ್ಲಿಷ್ ನುಡಿಗಟ್ಟಿನಲ್ಲಿ ಸುಲಭವಾಗಿ ಸಿಗುವಂತಹದಲ್ಲ.

‘ಎಚ್ಚರ’ ಎಂಬ ಪದದಲ್ಲಂತೂ ಕನ್ನಡದ ಅನುವಾದಕನಿಗೆ ಸಿದ್ಧವಾದ ಸಂಪತ್ತಿದೆ. ನಿದ್ದೆಯಿಂದ ಏಳುವುದು ಎಚ್ಚರ, ಪ್ರಜ್ಞೆ ಎಚ್ಚರ, ಅಪಾಯವನ್ನು ಅರಿತು ನಡೆಯುವುದೂ ಎಚ್ಚರ. ಅದರಿಂದ ಹುಟ್ಟಿದ್ದು ಎಚ್ಚರಿಕೆ. ಹಳೆಯ ಇಂಗ್ಲಿಷಿನಲ್ಲಿ ‘ವೇಕ್’ ಮತ್ತು ‘ವಾಚ್’ ಹಂಚಿಕೊಂಡಿದ್ದ ಅರ್ಥ ಕನ್ನಡದಲ್ಲಿ ಇನ್ನೂ ಒಡೆದಿಲ್ಲ. ‘ವೋಕ್’ ಎಂಬುದನ್ನು ಲಿಪ್ಯಂತರಿಸಿ ಬಳಸಿದಾಗ ಕನ್ನಡಕ್ಕೆ ಬರುವುದು ಇತ್ತೀಚಿನ ಮೂದಲಿಕೆ ಮಾತ್ರ. ‘ಎಚ್ಚರವಾಗಿರು’ ಎಂದಾಗ ಲೆಡ್ ಬೆಲಿಯ ಮಾತಿನ ಭಯವೂ ಕಾಳಜಿಯೂ ಒಟ್ಟಿಗೆ ಬರುತ್ತವೆ. ವ್ಯಾಕರಣ ಪುಸ್ತಕದ ಪಟ್ಟಿಯಲ್ಲಿ ನುಡಿಗಟ್ಟಿಗೆ ಎದುರಾಗಿ ಅರ್ಥವನ್ನು ಬರೆಯುವಾಗ, ಅದನ್ನು ಯಾರು ಯಾರಿಗೆ ಹೇಳಿದರು ಎಂಬ ಮೂರನೆಯ ಸಾಲೊಂದನ್ನು ಸೇರಿಸುವುದು ಇನ್ನಾದರೂ ಆಗಬೇಕಾದ ಕೆಲಸ. ಆ ಸಾಲಿನಲ್ಲಿ ರಾಜರಿಗೂ ಪಾಲುದಾರರಿಗೂ ಇರುವಷ್ಟೇ ಜಾಗ, ಕಿಟಕಿಯ ಸದ್ದಿಗೆ ಕತ್ತಲಲ್ಲಿ ಎದ್ದು ಹೊರಟವರಿಗೂ ಸಲ್ಲಬೇಕು.